ರಾಯ ಮೊಟ್ಟೆಯಿಟ್ಟ ರಾತ್ರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಯಲ್ಲಿ ಗಿಣಿಜಾತಿಯ ಹಕ್ಕಿ ಸಾಕುವುದು ಹೇಗೆ ಅಂತ ಪುರವಣಿಯೊಂದಕ್ಕೆ ನಾಲ್ಕು ಕಂತು ಬರೆದವಳು ನಾನು. ಮೊಟ್ಟೆ ಹೊಟ್ಟೆಯೊಳಗೇ ಸಿಕ್ಕಿಕೊಳ್ಳುವ ತೊಂದರೆಗೆಂದೇ ಮೂರನೆಯ ಕಂತಿನಲ್ಲಿ ಎರಡು ಪ್ಯಾರಾ ಮೀಸಲಿಟ್ಟಿದ್ದೆ. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತದೆ, ಹಕ್ಕಿ ಕೋಲು ಬಿಟ್ಟು ಪಂಜರದ ನೆಲಕ್ಕಿಳಿಯುತ್ತದೆ, ಕಾಲು ಅಗಲಿಸಿ ನಿಲ್ಲುತ್ತದೆ, ಬೆಳಗಾಗಲಿ ನೋಡೋಣ ಎಂದು ಕೂರಬೇಡಿ ಎಂದೆಲ್ಲ. ಅಷ್ಟು ಬರೆದವಳು ಕಳೆದ ಮೇ ತಿಂಗಳಲ್ಲಿ ರಾಯ ನೆಲಕ್ಕಿಳಿದು ಕೂತಾಗ, ‘ಸೆಕೆ ನೋಡಿ, ತಣ್ಣಗಿರಲಿ ಅಂತ ಇಳಿದಿದ್ದಾನೆ’ ಅಂದೆ.

ಯಾಕೆಂದರೆ ರಾಯ ಗಂಡು. ಹಾಗಂತ ನನಗೆ ತಮ್ಮ ಹೇಳಿದ್ದ, ತಮ್ಮನಿಗೆ ಅಂಗಡಿಯವನು ಹೇಳಿದ್ದ. ನಮ್ಮ ಮೈಸೂರಿನ ಶುಕವನ ನೋಡಿ ಬಂದಾಗಿನಿಂದ ಮಗ ಹಕ್ಕಿ ಬೇಕೆಂದು ಹಟ ಹಿಡಿದಿದ್ದ. ನಮ್ಮ ಹಸಿರು ಗಿಣಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಅದು ಬೇಡವೇ ಬೇಡ ಅಂದಿದ್ದೆ. ಕಾಕಟೀಲ್ ಆಸ್ಟ್ರೇಲಿಯಾ ಮೂಲದ್ದು, ಇಲ್ಲಿ ಪಂಜರದಲ್ಲೇ ಮರಿ ಮಾಡಿಸಿ ಮಾರುತ್ತಾರೆ. ತಮ್ಮ ಒಂದನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದು ಮಗನ ಕೈಗಿಟ್ಟ.

ಬೂದುಬಣ್ಣದ್ದಾಗಿದ್ದರೆ ಮೊದಲ ಸಲ ಪುಕ್ಕ ಉದುರಿ ಹೊಸದು ಬಂದಾಗ ಗಂಡಿನ ಮುಖ ಹಳದಿಯಾಗುತ್ತದೆ, ಗೊತ್ತಾಗಿಬಿಡುತ್ತದೆ. ರಾಯ ಲುಟಿನೋ. ಮೈಯೆಲ್ಲ ಕೆನೆಬಣ್ಣ, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು, ಜುಟ್ಟಿನ ಹಿಂದೆ ಚೂರು ಬೋಳು. ಇವುಗಳಲ್ಲಿ ಬಾಲದಡಿಯ ಮಸುಕು ಪಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ದೊಡ್ಡದಾದ ಮೇಲೂ ಪಟ್ಟೆ ಉಳಿದಿದ್ದರೆ ಬಹುಮಟ್ಟಿಗೆ ಹೆಣ್ಣು. ಅನುಮಾನವಿದ್ದರೆ ಎರಡು ಪುಕ್ಕ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಬಹುದು. ಪಟ್ಟೆ ನನಗೆ ಕಂಡಿತ್ತು. ಅಷ್ಟು ಹೊತ್ತಿಗೆ ಹೆಸರಿಟ್ಟಾಗಿತ್ತು.

ಆ ಮೇ ತಿಂಗಳು ಅದು ದಿವಾನದ ಕೆಳಗೆ ನುಗ್ಗಿ ಹಳೇ ಪೇಪರ್ ಹರಿದು ಗುಡ್ಡೆ ಹಾಕುತ್ತಿತ್ತು. ತುಂಟತನ ಅಂದೆವು. ರಾತ್ರಿ ಹನ್ನೊಂದರವರೆಗೆ ಧಾರಾವಾಹಿ, ಅಲ್ಲಿಯವರೆಗೂ ಹಾಲ್‌ನಲ್ಲಿ ದೀಪ, ಅತ್ತೆಯ ತೊಡೆಯ ಮೇಲೆ ರಾಯ, ಅತ್ತೆಯ ಕೈ ಅದರ ಬೆನ್ನ ಮೇಲೆ. ದಿನದ ಬೆಳಕು ಉದ್ದವಾದರೆ, ಅಡಗುವ ಕತ್ತಲ ಮೂಲೆ ಸಿಕ್ಕರೆ, ಬೆನ್ನು ಸವರುತ್ತಿದ್ದರೆ ಹೆಣ್ಣುಹಕ್ಕಿಯ ಮೈ ಮೊಟ್ಟೆಗೆ ಸಿದ್ಧವಾಗುತ್ತದೆ, ಗಂಡಿನ ಜೊತೆ ಬೇಕಿಲ್ಲ. ಇದನ್ನೂ ಬರೆದಿದ್ದೆ. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ಬೆಳಿಗ್ಗೆ ತೂಗುತ್ತಿದ್ದೆ. 92 ಗ್ರಾಂ ಇದ್ದದ್ದು ಒಂದೇ ವಾರದಲ್ಲಿ 98ಕ್ಕೆ ಏರಿತ್ತು. ಮೈ ತುಂಬಿಕೊಂಡಿದೆ ಅಂತ ಫೋನ್ ಮಾಡಿ ತಮ್ಮನಿಗೆ ಹೇಳಿದೆ. ಒಂದು ಮೊಟ್ಟೆಯ ತೂಕವನ್ನೇ ನಾನು ದಿನಾ ಬರೆದಿಡುತ್ತಿದ್ದೆ.

ನೆಲ ಬಿಟ್ಟು ಏಳದ್ದು ಕಂಡು ಶನಿವಾರ ಸಂಜೆ ಕ್ಲಿನಿಕ್ಕಿಗೆ ಕೊಂಡೊಯ್ದೆ. ನಾಯಿ ಬೆಕ್ಕುಗಳ ಸಾಲು ಮುಗಿದು ನಮ್ಮ ಸರದಿ ಬಂದಾಗ ಎಂಟು ಗಂಟೆ. ಡಾಕ್ಟರು ಹಕ್ಕಿಯನ್ನು ಪಂಜರದಿಂದ ಹೊರಗೆ ತೆಗೆಯಲಿಲ್ಲ. ಶೀತ ಅಂದರು, ನೀರಿಗೆ ಹಾಕುವ ಡ್ರಾಪ್ಸ್ ಬರೆದರು. ಒಂದು ಸಲ ಅಂಗೈಯಲ್ಲಿ ಹಿಡಿದು ಹೊಟ್ಟೆ ಮುಟ್ಟಿದ್ದರೆ ಸಾಕಿತ್ತು. ಅವರನ್ನು ಇವತ್ತಿಗೂ ಬೈದುಕೊಳ್ಳುತ್ತೇನೆ. ಆದರೆ ಅವರು ಒಂದು ಪ್ರಶ್ನೆ ಮಾತ್ರ ಕೇಳಿದ್ದರು: ‘ಗಂಡಾ, ಹೆಣ್ಣಾ?’ ‘ಗಂಡು’ ಅಂದವಳು ನಾನೇ.

ಭಾನುವಾರ ರಾತ್ರಿ ಒಂಬತ್ತಕ್ಕೆ ರಾಯ ಪಂಜರದ ಮೂಲೆಗೆ ಒರಗಿತ್ತು. ಪುಕ್ಕವೆಲ್ಲ ಉಬ್ಬಿ ಹತ್ತಿಯ ಉಂಡೆಯಂತಾಗಿತ್ತು. ಕೈಗೆ ತೆಗೆದುಕೊಂಡಾಗ ಬೆರಳಿಗೆ ತಗುಲಿತು, ಕಾಲುಗಳ ನಡುವೆ, ಬಾಲದ ಬುಡದಲ್ಲಿ, ಬೆಟ್ಟದ ನೆಲ್ಲಿಕಾಯಿಯಷ್ಟು ಗಟ್ಟಿಯಾದದ್ದು. ಎರಡು ವರ್ಷದ ‘ಅವನು’ ಆ ಕ್ಷಣದಲ್ಲಿ ‘ಅವಳು’ ಆದಳು. ಅತ್ತೆ ಹರಳೆಣ್ಣೆಯ ಸೀಸೆ ತಂದರು. ‘ಸ್ವಲ್ಪ ಹಚ್ಚಿ ಮೆಲ್ಲಗೆ ನೂಕಮ್ಮ, ಬಂದುಬಿಡತ್ತೆ, ಹಸುವಿಗೆ ನಾವು ಮಾಡ್ತಿರಲಿಲ್ವಾ?’ ಬೇಡ ಅತ್ತೆ ಅಂತ ರೇಗಿದೆ. ಅವರು ಸೀಸೆ ಹಿಡಿದು ಒಳಗೆ ಹೋದ ಮೇಲೆ ನಾನೇ ಹೆಬ್ಬೆರಳಿಟ್ಟು ಒತ್ತಿದೆ. ಒಂದೇ ಸಲ. ಅವಳು ಕಿರುಚಲಿಲ್ಲ. ಕೊಕ್ಕು ತೆರೆಯಿತು, ದನಿ ಬರಲಿಲ್ಲ, ಕಣ್ಣು ಅರ್ಧ ಮುಚ್ಚಿತು. ಒಳಗೆ ಮೊಟ್ಟೆ ಒಡೆದರೆ ಚಿಪ್ಪಿನ ಚೂರು ಅಂಡನಾಳ ಕೊಯ್ಯಬಹುದು, ಹಕ್ಕಿ ಸಾಯಬಹುದು ಎಂದು ಅಚ್ಚಾಗಿತ್ತಲ್ಲ, ನನ್ನದೇ ಹೆಸರಿನ ಕೆಳಗೆ.

ಬಚ್ಚಲಿನಲ್ಲಿ ಬಿಸಿನೀರು ಬಿಟ್ಟು ಬಾಗಿಲು ಹಾಕಿಕೊಂಡು, ಅವಳನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತೆ. ಕಾವು, ಹಬೆ, ಕತ್ತಲು, ಮನೆಯಲ್ಲಿ ಮಾಡಬಹುದಾದದ್ದು ಅಷ್ಟೇ. ಕನ್ನಡಿ ಮಂಜಾಯಿತು. ಮಗ ಹೊರಗಿನಿಂದ ಐದೈದು ನಿಮಿಷಕ್ಕೆ ‘ಬಂತಾ?’ ಅನ್ನುತ್ತಿದ್ದ. ನನ್ನವರು ನಾಲ್ಕು ಕಡೆ ಫೋನ್ ಮಾಡಿದರು, ಎಲ್ಲ ಕಡೆ ಒಂದೇ ಉತ್ತರ, ಹಕ್ಕಿ ನೋಡೋರಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಒಬ್ಬರು ಫೋನ್ ಎತ್ತಿ, ‘ತಕ್ಷಣ ಹೊರಡಿ’ ಅಂದರು.

ಶೂ ಡಬ್ಬಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ಕಾರಿನ ಎಸಿ ಬಂದ್, ಕಿಟಕಿ ಬಂದ್, ಮೇ ತಿಂಗಳು. ಮಂಡ್ಯ, ಮದ್ದೂರು, ಚನ್ನಪಟ್ಟಣ. ದೀಪದ ಕಂಬ ಬಂದಾಗಲೆಲ್ಲ ಮುಚ್ಚಳ ಒಂದಿಂಚು ಎತ್ತಿ ಬಾಲ ಆಡುತ್ತಿದೆಯೇ ನೋಡುತ್ತಿದ್ದೆ. ಅಷ್ಟು ದಿನ ಆಡಬಾರದು ಅಂದುಕೊಂಡಿದ್ದ ಬಾಲ ಆಡುತ್ತಿರಲಿ ಅಂತ ಬೇಡಿಕೊಂಡೆ.

ಎಕ್ಸ್‌ರೇಯಲ್ಲಿ ಚಿಪ್ಪು ಬೆಳ್ಳಗೆ ಕಂಡಿತು. ಕ್ಯಾಲ್ಸಿಯಂ ಇಂಜೆಕ್ಷನ್, ಚರ್ಮದಡಿಗೆ ಗ್ಲೂಕೋಸ್ ನೀರು, ಬಿಸಿ ಪೆಟ್ಟಿಗೆ. ಮೊಟ್ಟೆಯನ್ನು ನೂಕಬೇಕಾದ ಸ್ನಾಯುವಿಗೆ ಕ್ಯಾಲ್ಸಿಯಂ ಬೇಕು. ನಮ್ಮವಳು ತಿನ್ನುತ್ತಿದ್ದದ್ದು ಸೂರ್ಯಕಾಂತಿ ಬೀಜ, ನವಣೆ. ಕ್ಯಾಲ್ಸಿಯಂಗೆಂದು ಕೊಡುವ ಕಟಲ್ ಬೋನ್ ಮೂಸಿಯೂ ನೋಡಿರಲಿಲ್ಲ, ಗಂಡಿಗೇಕೆ ಅಂತ ನಾನೂ ಬಿಟ್ಟಿದ್ದೆ. ಡಾಕ್ಟರು ಕೇಳಿದರು, ‘ಎಲ್ಲೂ ಒತ್ತಿಲ್ಲ ತಾನೆ?’ ‘ಇಲ್ಲ’ ಅಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ‘ಒಂದು ಸಲ’ ಅಂದೆ. ಬೈಯಲಿಲ್ಲ, ಬರೆದುಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತು.

ಬೆಳಗಿನ ಜಾವ ನಾಲ್ಕೂ ನಲವತ್ತಕ್ಕೆ ಮೊಟ್ಟೆ ಬಂತು. ಬಿಳಿ, ಒಂದು ತುದಿ ಒರಟು. ಇಟ್ಟವಳು ಅದರ ಕಡೆ ತಿರುಗಿಯೂ ನೋಡದೆ ನವಣೆ ತಿನ್ನತೊಡಗಿದಳು.

ನಾನ್‌ಸ್ಟಿಕ್ ತವಾ ಸೀದ ಹೊಗೆ, ಬೆಣ್ಣೆಹಣ್ಣು, ತಿರುಗುವ ಫ್ಯಾನು, ಈ ಎಚ್ಚರಿಕೆಗಳೆಲ್ಲ ಎಲ್ಲರ ಬಾಯಲ್ಲೂ ಇವೆ, ಬಿಟ್ಟೆ. ನನ್ನ ಮನೆಯಲ್ಲಿ ಬದಲಾದದ್ದಿಷ್ಟು: ಸಂಜೆ ಆರೂವರೆಗೆ ಪಂಜರ ಒಳಕೋಣೆಗೆ, ಹನ್ನೆರಡು ಗಂಟೆ ಕತ್ತಲು. ತಲೆ ಕೆರೆಯಬಹುದು, ಬೆನ್ನು ಮುಟ್ಟುವಂತಿಲ್ಲ. ಅತ್ತೆಗೆ ಇದು ಇನ್ನೂ ಅರ್ಥವಾಗಿಲ್ಲ, ಅರ್ಥವಾದರೂ ಕೈ ಕೇಳುವುದಿಲ್ಲ. ನುಗ್ಗೆಸೊಪ್ಪು ದಿನಾ, ಬೀಜ ಕಡಿಮೆ. ದಿವಾನದಡಿ ಮುಚ್ಚಿದೆವು. ಆಮೇಲೆ ಅವಳು ಇನ್ನೆರಡು ಮೊಟ್ಟೆ ಇಟ್ಟಳು, ತೊಂದರೆಯಿಲ್ಲದೆ. ಅವನ್ನು ತೆಗೆಯಬೇಡಿ. ತೆಗೆದಷ್ಟೂ ಲೆಕ್ಕ ತುಂಬಲು ಮತ್ತೆ ಇಡುತ್ತವೆ, ಮೂಳೆಯ ಸುಣ್ಣವೆಲ್ಲ ಚಿಪ್ಪಿಗೆ ಹೋಗುತ್ತದೆ. ಮೂರು ವಾರ ಕೂತು ಬೇಜಾರಾಗಿ ತಾನೇ ಎದ್ದು ಬಂದಳು.

ಹೆಸರು ಬದಲಿಸಲು ಮಗ ಬಿಡಲಿಲ್ಲ, ರಾಯನೇ. ಮೊನ್ನೆ ತಮ್ಮನ ಫೋನು. ‘ಅಕ್ಕಾ, ಒಂಟಿ ಇದ್ರೆ ಹಿಂಗೇ ಆಗೋದು. ಜೋಡಿ ತಂದುಕೊಡ್ತೀನಿ. ಅದೇ ಅಂಗಡಿ, ಈ ಸಲ ಗ್ಯಾರಂಟಿ ಗಂಡು.’