ಗಾಳಿ ತುಂಬುವ ಮೊದಲು

ಪುದುಪೇಟೆಯ ಗುಜರಿಯಿಂದ ಟರ್ಬೊ ತಂದು ಗೋಣಿಚೀಲ ಬಿಚ್ಚಿ ತೋರಿಸಿದೆಯಲ್ಲ, ಆಗ ನಿನ್ನ ಮುಖ ನೋಡಿ ಬೈಯಲು ಮನಸ್ಸು ಬರಲಿಲ್ಲ ಮಾರಾಯ. ಸಂತೆಯಿಂದ ಹೋರಿಕರು ಹೊಡೆದುಕೊಂಡು ಬಂದವನ ಹಾಗೆ ನಿಂತಿದ್ದೆ. ಅದಕ್ಕೇ ಆ ದಿನ ಕಾಫಿ ಕುಡಿಸಿ ಕಳುಹಿಸಿದೆ. ಈಗ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು. ಅರ್ಧ ಓದಿ ಸ್ಪ್ಯಾನರ್ ಹಿಡಿಯುವುದು ನಿನ್ನ ಹಳೇ ಚಾಳಿ.

ನಿನ್ನ ಕೈ ಒಳ್ಳೆಯದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೋಲ್ಟು ಬಿಗಿಯುವಾಗ ನಿನ್ನ ಮಣಿಕಟ್ಟಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತು. ಅದು ಕಲಿಸಿದರೆ ಬರುವ ವಿದ್ಯೆಯಲ್ಲ. ತಲೆಗೆ ಮಾತ್ರ ಅಷ್ಟು ತಾಳ್ಮೆ ಇಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನನ್ನ ಅಜ್ಜಿ ನನಗೆ ದಿನಾ ಹೇಳುತ್ತಿದ್ದಳು. ಈಗ ನಾನು ನಿನಗೆ ಹೇಳುವ ಸರದಿ.

ಕುಂದಾಪುರದಿಂದ ನಾನು ಮದ್ರಾಸಿಗೆ ಬಂದದ್ದು 1972ರಲ್ಲಿ, ಮಾವನ ಹೋಟೆಲಿನಲ್ಲಿ ಹಿಟ್ಟು ರುಬ್ಬಲು. ಎರಡು ವರ್ಷಕ್ಕೆ ರುಬ್ಬುವ ಕಲ್ಲು ಬಿಟ್ಟು ಮಾಧವರಂನ ಲಾರಿ ಶೆಡ್ಡಿಗೆ ಸೇರಿದೆ. ಶೋಲಾವರಂನ ಹಳೇ ವಿಮಾನದ ರನ್‌ವೇ ಮೇಲೆ ರೇಸ್ ನಡೆಯುತ್ತಿದ್ದ ಕಾಲ ಅದು. ಯಾವುದಾದರೂ ಲಾರಿ ಹತ್ತಿ ಹೋಗಿ, ಕಾರುಗಳ ಬಾನೆಟ್ ಎತ್ತಿಟ್ಟ ಕಡೆ ನಿಲ್ಲುತ್ತಿದ್ದೆ. ಗೆದ್ದವರ ಹೆಸರು ಈಗ ನೆನಪಿಲ್ಲ. ಆದರೆ ಕೊನೆಯ ಸುತ್ತು ಮುಗಿಸಿದ ಕಾರುಗಳ ಹತ್ತಿರ ಹಿಂದಿನ ರಾತ್ರಿಯಿಡೀ ನಿದ್ದೆಗೆಟ್ಟ ಒಬ್ಬ ಮೆಕ್ಯಾನಿಕ್ ಇದ್ದೇ ಇರುತ್ತಿದ್ದ. ಆ ಕೆಂಪು ಕಣ್ಣುಗಳು ನನಗೆ ಚೆನ್ನಾಗಿ ನೆನಪಿವೆ.

ಈಗ ನಿನ್ನ ಗೋಣಿಚೀಲದ ವಿಷಯ. ಟರ್ಬೊ ಹೊಸ ಸಂಗತಿಯೇನಲ್ಲ. ಆಲ್ಫ್ರೆಡ್ ಬೂಷಿ ಎಂಬ ಸ್ವಿಸ್ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಸೈಲೆನ್ಸರಿನಲ್ಲಿ ಸುಮ್ಮನೆ ಹೋಗುವ ಹೊಗೆಯಿಂದ ಒಂದು ಚಕ್ರ ತಿರುಗಿಸು, ಆ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಉಣಿಸು. ಕೇಳಲು ಇಷ್ಟೇ. ನಮ್ಮ ಮನೆಯ ಮಿಕ್ಸಿ ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗಿದರೆ ಅಡುಗೆಮನೆಯಿಡೀ ಕಿರುಚುತ್ತದೆ. ಕಾರಿನ ಟರ್ಬೊ ಒಂದೂವರೆ ಎರಡು ಲಕ್ಷ ಸುತ್ತು ತಿರುಗುತ್ತದೆ. ಅಷ್ಟು ವೇಗದ ದಂಡವನ್ನು ಹಿಡಿದಿಡುವುದು ಕೂದಲೆಳೆಗಿಂತ ತೆಳ್ಳಗಿನ ಎಣ್ಣೆಯ ಪದರ.

ಆ ಪದರದ ಬೆಲೆ ನನಗೆ ಕಲಿಸಿದ್ದು ಲಾರಿಗಳು. ಟರ್ಬೊ ಲಾರಿಗಳು ಬಂದ ಹೊಸದರಲ್ಲಿ ಡ್ರೈವರುಗಳು ಬೆಂಗಳೂರಿನಿಂದ ಲೋಡು ಹೊತ್ತು ಒಂದೇ ಉಸಿರಿಗೆ ಬರುವರು, ಶೆಡ್ಡಿನೊಳಗೆ ನುಗ್ಗಿಸುವರು, ಆ ಕ್ಷಣವೇ ಎಂಜಿನ್ ಆಫ್ ಮಾಡಿ ಚಾ ಅಂಗಡಿಗೆ ಓಡುವರು. ಹೋಟೆಲಿನಲ್ಲಿ ಕೆಲಸ ಮಾಡಿದವನಿಗೆ ಬಿಡಿಸಿ ಹೇಳಬೇಕಿಲ್ಲ: ಒಲೆ ಆರಿಸಿದರೂ ಬಾಣಲೆಯ ಎಣ್ಣೆ ಕುದಿಯುತ್ತಲೇ ಇರುತ್ತದೆ. ಬೇರಿಂಗಿನೊಳಗೆ ನಿಂತ ಎಣ್ಣೆ ಹಾಗೇ ಸುಟ್ಟು ಕರಿ ಕಟ್ಟುತ್ತದೆ. ಆ ಕರಿಯನ್ನು ಮೊಳೆಯಿಂದ ಕೆರೆದು ಕೆರೆದು ನನ್ನ ಉಗುರು ವರ್ಷಗಟ್ಟಲೆ ಬೆಳ್ಳಗಾಗಲಿಲ್ಲ. ಓ.ಎಂ.ಆರ್. ಹೆದ್ದಾರಿಯಲ್ಲಿ ಓಡಿಸಿಕೊಂಡು ಬಂದು ಮನೆಯ ಗೇಟಿನಲ್ಲಿ ಕೀ ತಿರುಗಿಸುವವನು ನೀನು. ಕೊನೆಯ ಒಂದು ಕಿಲೋಮೀಟರ್ ಮೆಲ್ಲಗೆ ಬರಬೇಕು, ಬಂದ ಮೇಲೆ ಒಂದೆರಡು ನಿಮಿಷ ಎಂಜಿನ್ ಓಡಲು ಬಿಡಬೇಕು. ನಿನ್ನಿಂದ ಆಗುತ್ತದೆಯೇ? ಪ್ರಾಮಾಣಿಕವಾಗಿ ಹೇಳು.

ನೀನು ತಂದದ್ದು ಡೀಸೆಲ್ ಕಾರಿನ ಟರ್ಬೊ. ನಿನ್ನ ಅಪ್ಪನ ಕಾರು ಪೆಟ್ರೋಲ್. ಪೆಟ್ರೋಲ್ ಹೊಗೆ ಡೀಸೆಲಿನದಕ್ಕಿಂತ ಬಿಸಿ; ಪೂರ್ತಿ ಒತ್ತಿ ಓಡಿಸಿದರೆ ಒಂಬೈನೂರು ಡಿಗ್ರಿ ದಾಟುತ್ತದೆ. ಡೀಸೆಲಿಗೆಂದು ಮಾಡಿದ ಲೋಹ ಅದನ್ನು ಬಹಳ ದಿನ ತಾಳುವುದಿಲ್ಲ. ದಂಡವನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದೆಯಾ? ನಾನು ನೋಡಿದೆ, ನೀನು ಕೈ ತೊಳೆಯಲು ಹೋದಾಗ. ಟಕ್ ಟಕ್ ಎನ್ನುತ್ತಿತ್ತು, ಬೇರಿಂಗ್ ಆಗಲೇ ಸವೆದಿದೆ.

ಇನ್ನು ನಮ್ಮ ಊರಿನ ಬಿಸಿಲು. ಈ ಮಾತಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನೀನು ಫೋನಿನಲ್ಲಿ ನೋಡುವ ವಿಡಿಯೋಗಳೆಲ್ಲ ತಂಪು ದೇಶದವು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಮುಟ್ಟಿದವರಿಗೆಲ್ಲ ಗೊತ್ತು. ನಲವತ್ತು ಡಿಗ್ರಿಯ ಗಾಳಿಗೆ ಅರ್ಧ ಬಾರ್ ಬೂಸ್ಟ್, ಅಂದರೆ ಟರ್ಬೊದ ಒತ್ತಡ, ಕೊಟ್ಟರೆ, ಆ ಗಾಳಿ ಟರ್ಬೊದಿಂದ ಹೊರಬರುವಾಗ ನೂರು ಡಿಗ್ರಿಯ ಹತ್ತಿರ ಇರುತ್ತದೆ. ಅಗ್ನಿನಕ್ಷತ್ರದ ಕಡುಬೇಸಿಗೆಯ ದಿನಗಳಲ್ಲಿ ಚೆನ್ನೈನಲ್ಲಿ ನಲವತ್ತು ಎಂದರೆ ಮಾಮೂಲು. 2003ರ ಮೇ 31ರಂದು ನುಂಗಂಬಾಕ್ಕಂನಲ್ಲಿ 45 ಮುಟ್ಟಿತ್ತು. ಅಂಥ ಗಾಳಿ ಸಿಲಿಂಡರಿಗೆ ಹೋಗಿ, ಅಲ್ಲಿ ಪಿಸ್ಟನ್ ಅದನ್ನು ಮತ್ತೆ ಹತ್ತು ಪಟ್ಟು ಒತ್ತಿದರೆ, ಕಿಡಿ ಬಿದ್ದ ಮೇಲೆ ಪೆಟ್ರೋಲು ಸಾವಕಾಶವಾಗಿ ಉರಿಯುವುದಿಲ್ಲ, ಮೂಲೆಯಲ್ಲಿ ಸಿಡಿಯುತ್ತದೆ. ನಾಕಿಂಗ್ ಎನ್ನುವುದು ಇದನ್ನೇ. ಒಳಗಿನಿಂದ ಯಾರೋ ಸುತ್ತಿಗೆ ಹಿಡಿದು ಹೊಡೆದ ಹಾಗೆ.

ಆದಂಬಾಕ್ಕಂನಲ್ಲಿ ನಮ್ಮ ಬೀದಿಯ ಒಬ್ಬ ಹುಡುಗ 1.3 ಲೀಟರಿನ ಕಾರಿಗೆ ಟರ್ಬೊ ಹಾಕಿಸಿದ್ದ. ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಇಲ್ಲ, ಪಿಸ್ಟನ್ ಒತ್ತುವ ಪಟ್ಟು, ಅಂದರೆ ಕಂಪ್ರೆಶನ್, ಇಳಿಸಿಲ್ಲ, ಇಂಜೆಕ್ಟರ್ ಹಳೆಯವೇ. ಡಿಸೆಂಬರಿನಲ್ಲಿ ಚೆನ್ನಾಗಿ ಓಡಿತು. ಮೇ ತಿಂಗಳಲ್ಲಿ ಒಂದು ವಾರ ಕಟಕಟ ಎಂದಿತು. ಆ ಸದ್ದು ಕೇಳದಿರಲೆಂದು ಅವನು ಹಾಡಿನ ಸದ್ದು ಹೆಚ್ಚಿಸಿದ. ಒಂದು ಮಧ್ಯಾಹ್ನ ಇ.ಸಿ.ಆರ್. ಹೆದ್ದಾರಿಯಲ್ಲಿ, ಕೋವಲಂ ದಾಟಿದ ಮೇಲೆ, ನೀಲಿ ಹೊಗೆ ಬಿಟ್ಟು ನಿಂತಿತು. ಎಂಜಿನ್ ಬಿಚ್ಚಿದಾಗ ನಾನೂ ಜೊತೆಗಿದ್ದೆ. ಮೂರನೇ ಪಿಸ್ಟನ್‌ನ ರಿಂಗು ಕೂರುವ ಅಂಚು ಮುರಿದು ಬಿಸ್ಕತ್ತಿನ ಹಾಗೆ ಕೈಗೆ ಬಂತು. ಆ ತುಂಡನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಕಾರು ಅವನ ಅಮ್ಮನದು. ಆಕೆ ಒಂದು ಮಾತೂ ಆಡಲಿಲ್ಲ, ಮರುದಿನದಿಂದ ಕೆಲಸಕ್ಕೆ ಬಸ್ಸಿನಲ್ಲಿ ಹೋದಳು. ನನಗೆ ಪಿಸ್ಟನ್‌ಗಿಂತ ಹೆಚ್ಚು ಸಂಕಟವಾದದ್ದು ಅದಕ್ಕೆ.

ದೊಡ್ಡ ಕಂಪೆನಿಗಳೂ ಇದೇ ಬಾಗಿಲಿಗೆ ತಲೆ ತಗಲಿಸಿಕೊಂಡಿವೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಟರ್ಬೊ ಕಾರು ಬಿಟ್ಟಿತು. ಕಂಪ್ರೆಶನ್ ಇಳಿಸದೆ, ನಾಕಿಂಗ್ ತಡೆಯಲು ನೀರು ಮೆಥನಾಲ್ ಬೆರೆಸಿದ ದ್ರವದ ಡಬ್ಬಿಯೊಂದನ್ನು ಜೊತೆಗಿಟ್ಟರು. ಜನ ಅದನ್ನು ತುಂಬಿಸಲು ಮರೆತರು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಬಿಚ್ಚಿ ತೆಗೆಯಬೇಕಾಯಿತು. 1973ರಲ್ಲಿ ಬಿಎಂಡಬ್ಲ್ಯು ತನ್ನ ನಾಲ್ಕು ಸಿಲಿಂಡರಿನ 2002 ಕಾರಿಗೆ ಟರ್ಬೊ ಹಾಕಿದಾಗ ಕಂಪ್ರೆಶನ್ ಅನುಪಾತವನ್ನು 6.9ಕ್ಕೆ ಇಳಿಸಿತು. 170 ಕುದುರೆಶಕ್ತಿ ಸಿಕ್ಕಿತು. ಆದರೆ ಬೂಸ್ಟ್ ಬರುವವರೆಗೆ ಕಾರು ಮಂಕಾಗಿರುತ್ತಿತ್ತು, ಬಂದಾಗ ಒಮ್ಮೆಲೇ ಒದೆಯುತ್ತಿತ್ತು. ಕಾರ್ಖಾನೆಯ ಎಂಜಿನಿಯರುಗಳಿಗೇ ಇಷ್ಟು ಕಷ್ಟವಾದ ಕೆಲಸವನ್ನು ನೀನು ಎರಡು ಭಾನುವಾರದಲ್ಲಿ ಮುಗಿಸುತ್ತೇನೆ ಎನ್ನುತ್ತೀ.

ನೀನು ತಂದದ್ದು ಒಂದು ಸಾಮಾನು ಎಂದುಕೊಂಡಿದ್ದೀ, ಅದರ ಹಿಂದೆ ಒಂದು ದಿಬ್ಬಣವೇ ಬರುತ್ತದೆ. ತಂಪು ಮಾಡಲು ಇಂಟರ್‌ಕೂಲರ್, ಹೆಚ್ಚು ಪೆಟ್ರೋಲ್ ಸುರಿಯುವ ಇಂಜೆಕ್ಟರ್ ಮತ್ತು ಪಂಪು, ಅದನ್ನೆಲ್ಲ ಲೆಕ್ಕ ಹಾಕುವ ಇ.ಸಿ.ಯು. ಮ್ಯಾಪಿಂಗ್, ಗಟ್ಟಿ ಹೆಡ್ ಗ್ಯಾಸ್ಕೆಟ್, ಜಾರದ ಕ್ಲಚ್, ಒಳ್ಳೆಯ ಸಿಂಥೆಟಿಕ್ ಆಯಿಲ್. ಎಲ್ಲಕ್ಕಿಂತ ಮೊದಲು ಬ್ರೇಕು. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಮುಟ್ಟುಕಾಡಿನ ಹತ್ತಿರ ಹಸುವೊಂದು ರಸ್ತೆಗೆ ಇಳಿದಾಗ ನಿನ್ನ ಬೂಸ್ಟ್ ಮೀಟರ್ ಯಾರ ಉಪಯೋಗಕ್ಕೂ ಬರುವುದಿಲ್ಲ.

ಕಾನೂನಿನ ಮಾತು ನಿನಗೆ ಬೇಜಾರು, ಆದರೂ ಕೇಳು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪೆನಿ ಮಾಡಿಕೊಟ್ಟ ಲೆಕ್ಕಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆರ್.ಸಿ. ಪುಸ್ತಕದಲ್ಲಿರುವುದು ನಿನ್ನ ಅಪ್ಪನ ಹೆಸರು. ಅಪಘಾತವಾದರೆ ವಿಮೆಯವರು ಬಾನೆಟ್ ಎತ್ತಿ ನೋಡುತ್ತಾರೆ.

ಹಾಗಾದರೆ ಬೇಡವೇ ಬೇಡ ಎನ್ನುತ್ತಿದ್ದೇನೆಯೇ? ಇಲ್ಲ. ಆ ಆಸೆ ನನಗೂ ಇತ್ತು, ಅದು ಕೆಟ್ಟ ಆಸೆಯಲ್ಲ. ರಸ್ತೆಗೆ ಟರ್ಬೊ ಬೇಕೆಂದರೆ ಕಾರ್ಖಾನೆಯೇ ಹಾಕಿಕೊಟ್ಟದ್ದನ್ನು ಕೊಳ್ಳು. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ ನಾಲ್ಕು ಸಿಲಿಂಡರಿನ 1.2 ಲೀಟರಿನಿಂದಲೇ 105 ಪಿಎಸ್ ತೆಗೆಯುತ್ತಿತ್ತು. ಹಳೆಯದು ಹುಡುಕಿದರೆ ಸಿಗುತ್ತದೆ, ನೋಡಿ ಆರಿಸಲು ನಾನು ಬರುತ್ತೇನೆ. ಕೈಯಾರೆ ಕಟ್ಟಲೇಬೇಕೆಂದರೆ ರಸ್ತೆಗೆ ಬೇಡದ ಒಂದು ಹಳೇ ಕಾರು ಹಿಡಿ, ಟ್ರೈಲರಿನಲ್ಲಿ ಹಾಕಿಕೊಂಡು ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋಗು. ವೇಗಕ್ಕೆಂದೇ ಕಟ್ಟಿದ ಜಾಗ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿರುವ ಭಾಗ್ಯ ಈ ದೇಶದಲ್ಲಿ ಎಷ್ಟು ಹುಡುಗರಿಗಿದೆ?

ಅದಕ್ಕೂ ಮೊದಲು ಅಪ್ಪನ ಕಾರು. ಒಂದು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ಓಡಿದೆ, ಕೂಲಂಟ್ ಯಾವಾಗ ಬದಲಿಸಿದ್ದು ಎಂದು ಕೇಳಿದರೆ ಆಕಾಶ ನೋಡಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಬಾ, ಬಿಸಿಲೇರುವ ಮೊದಲು. ಎಂಜಿನ್ ಬೆಚ್ಚಗಿರುವಾಗಲೇ ನಾಲ್ಕೂ ಪ್ಲಗ್ ಬಿಚ್ಚಿ ಕಂಪ್ರೆಶನ್ ಅಳೆಯೋಣ. ನಾಲ್ಕರ ನಡುವೆ ಶೇಕಡಾ ಹತ್ತಕ್ಕಿಂತ ಹೆಚ್ಚು ಅಂತರ ಬಂದರೆ ಟರ್ಬೊ ಮಾತು ಅಲ್ಲಿಗೇ ನಿಲ್ಲಲಿ, ರಿಂಗಿನ ಮಾತು ಶುರುವಾಗಲಿ. ಗೇಜು ನನ್ನ ಹತ್ತಿರ ಇದೆ. ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕೀ ತಿರುಗಿಸಲು ಒಬ್ಬರು ಬೇಕು, ತಂಗಿಯನ್ನು ಕರೆದುಕೊಂಡು ಬಾ. ಅವಳು ಹೇಳಿದಷ್ಟು ಹೊತ್ತು ಹಿಡಿಯುತ್ತಾಳೆ.