ತಾಯಿಯಿಲ್ಲದ ಬೆಕ್ಕಿನ ಮರಿ

ಶ್ರೀವೈಷ್ಣವ ಸಂಪ್ರದಾಯದಲ್ಲಿ ಶರಣಾಗತಿಯನ್ನು ವಿವರಿಸುವಾಗ ಎರಡು ನ್ಯಾಯಗಳನ್ನು ಹೇಳುವುದುಂಟು. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಅಪ್ಪಿ ಹಿಡಿಯುತ್ತದೆ. ಇದು ಮರ್ಕಟಕಿಶೋರ ನ್ಯಾಯ. ಬೆಕ್ಕಿನ ಮರಿಯಾದರೋ ಏನನ್ನೂ ಮಾಡುವುದಿಲ್ಲ. ತಾಯಿಯೇ ಅದನ್ನು ಕತ್ತಿನ ಹಿಂಭಾಗದಲ್ಲಿ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಇದು ಮಾರ್ಜಾಲಕಿಶೋರ ನ್ಯಾಯ. ವಡಕಲೆಯವರು ಮೊದಲನೆಯದನ್ನೂ ತೆಂಕಲೆಯವರು ಎರಡನೆಯದನ್ನೂ ಎತ್ತಿ ಹಿಡಿದರು. ಆ ವಾದವನ್ನು ಇತ್ಯರ್ಥ ಮಾಡುವುದು ಈ ಲೇಖನದ ಉದ್ದೇಶವಲ್ಲ. ಆದರೆ ಬೆಕ್ಕಿನ ಮರಿಯನ್ನು ಕುರಿತ ಹಿರಿಯರ ಅವಲೋಕನ ಸರಿಯಾದುದೆಂದು ಪ್ರಾಣಿಶಾಸ್ತ್ರವೂ ಒಪ್ಪುತ್ತದೆ. ಹುಟ್ಟಿದ ಮೊದಲ ಮೂರು ವಾರಗಳಲ್ಲಿ ಅದು ತನ್ನ ಬದುಕಿನ ಬಹುಪಾಲನ್ನು ತಾಯಿಗೆ ಒಪ್ಪಿಸಿಬಿಟ್ಟಿರುತ್ತದೆ. ಹಾಗಾದರೆ ಆ ತಾಯಿಯೇ ಇಲ್ಲವಾದಾಗ ಮರಿಯ ಗತಿಯೇನು?

ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಮನೆಯ ಅಟ್ಟದಲ್ಲಿ, ಸೌದೆಯ ರಾಶಿಯಲ್ಲಿ, ವಿದ್ಯಾರ್ಥಿನಿಲಯದ ಅಡಿಗೆಮನೆಯ ಹಿಂದೆ ಕಣ್ಣು ಬಿಡದ ಮರಿಗಳು ಸಿಕ್ಕುವುದು ನಮಗೆಲ್ಲ ಗೊತ್ತಿರುವ ಸಂಗತಿ. ನೋಡಿದವರು ಮರುಗುತ್ತಾರೆ. ಯಾರೋ ಒಬ್ಬರು ಬಟ್ಟಲಿನಲ್ಲಿ ಹಸುವಿನ ಹಾಲು ತರುತ್ತಾರೆ, ಇನ್ನೊಬ್ಬರು ಮರಿಯನ್ನು ಅಂಗಾತ ಹಿಡಿದು ಬತ್ತಿಯಿಂದ ಬಾಯಿಗೆ ಹಿಂಡುತ್ತಾರೆ. ಬೆಳಗಾಗುವ ವೇಳೆಗೆ ಮರಿ ಸತ್ತಿರುತ್ತದೆ. “ಪಾಪ, ತಾಯಿಯಿಲ್ಲದ್ದು, ಉಳಿಯಲಿಲ್ಲ” ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಎಷ್ಟೋ ವೇಳೆ ಅದು ಸತ್ತದ್ದು ಹಸಿವಿನಿಂದಲ್ಲ. ಚಳಿಯಿಂದ, ಇಲ್ಲವೆ ನಾವು ಕುಡಿಸಿದ ಹಾಲಿನಿಂದಲೇ. ಕರುಣೆಯಿದ್ದರೆ ಸಾಲದು, ಕ್ರಮವೂ ತಿಳಿದಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಮೊದಲು ವಿಚಾರಿಸಬೇಕಾದುದು, ಮರಿ ನಿಜವಾಗಿಯೂ ಅನಾಥವೇ ಎಂಬುದನ್ನು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂಬುದು ನಮ್ಮ ಜನರ ಮಾತು. ಏಳೋ ಮೂರೋ, ಅಂತೂ ಅದು ಜಾಗ ಬದಲಾಯಿಸುವುದು ನಿಜ. ಒಂದು ಸಲಕ್ಕೆ ಒಂದೇ ಮರಿಯನ್ನು ಸಾಗಿಸುವುದೂ ನಿಜ. ನಮಗೆ ಸಿಕ್ಕಿದ ಮರಿ ಎರಡನೆಯ ಸರದಿಗಾಗಿ ಕಾದಿರುವ ಮರಿಯಾಗಿರಬಹುದು. ಆಹಾರಕ್ಕೆ ಹೋದ ತಾಯಿಯೂ ಕೆಲವು ಗಂಟೆ ಬಾರದಿರಬಹುದು. ಮರಿಗಳ ಮೈ ಶುಚಿಯಾಗಿದ್ದು, ಹೊಟ್ಟೆ ಉಬ್ಬಿದ್ದು, ಒಂದರ ಮೇಲೊಂದು ಮಲಗಿ ನಿದ್ರಿಸುತ್ತಿದ್ದರೆ ತಾಯಿ ಹತ್ತಿರದಲ್ಲಿಯೇ ಇದೆಯೆಂದು ತಿಳಿಯಬೇಕು. ಆಗ ದೂರದಲ್ಲಿ ನಿಂತು ಎರಡು ಮೂರು ಗಂಟೆ ನೋಡುವುದೇ ಉಪಕಾರ. ಮನುಷ್ಯನ ಕೈ ತಾಗಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ನಂಬಿಕೆಗೆ ಆಧಾರವಿಲ್ಲ. ಮೈ ಕೊಳೆಯಾಗಿ, ತಣ್ಣಗಾಗಿ, ಎಡೆಬಿಡದೆ ಅರಚುವ ಮರಿಯನ್ನು ಮಾತ್ರ ಒಡನೆಯೇ ಕೈಗೆತ್ತಿಕೊಳ್ಳಬೇಕು. ಹತ್ತಿರದಲ್ಲೆಲ್ಲಾದರೂ ಹಾಲೂಡುತ್ತಿರುವ ಬೇರೊಂದು ಸಾಕುಬೆಕ್ಕಿದ್ದರೆ ಅದರ ಮಡಿಲಿಗೆ ಸೇರಿಸಿ ನೋಡುವುದು ಎಲ್ಲಕ್ಕಿಂತ ಮೇಲು. ಅನೇಕ ಬೆಕ್ಕುಗಳು ಪರರ ಮರಿಯನ್ನು ಒಪ್ಪಿಕೊಳ್ಳುತ್ತವೆ.

ಅದೂ ಇಲ್ಲವಾದರೆ ತಾಯಿಯ ಕೆಲಸಗಳನ್ನು ನಾವು ವಹಿಸಿಕೊಳ್ಳಬೇಕಾಗುತ್ತದೆ. ಆ ಕೆಲಸಗಳು ಮುಖ್ಯವಾಗಿ ನಾಲ್ಕು: ಶಾಖ ಕೊಡುವುದು, ಹಾಲೂಡುವುದು, ಮಲಮೂತ್ರ ಮಾಡಿಸುವುದು, ರೋಗದಿಂದ ಕಾಪಾಡುವುದು. ಈ ಅನುಕ್ರಮವನ್ನು ಮರೆಯಬಾರದು. ಹಾಲಿಗಿಂತ ಮೊದಲು ಶಾಖ.

ಇದಕ್ಕೆ ಕಾರಣವೇನು? ಆಗ ತಾನೇ ಹುಟ್ಟಿದ ಮರಿಯ ತೂಕ ಸುಮಾರು ೧೦೦ ಗ್ರಾಂ. ಇಷ್ಟು ಚಿಕ್ಕ ಮೈಯಿಂದ ಶಾಖ ಬಹು ಬೇಗ ಸೋರಿಹೋಗುತ್ತದೆ. ಚಳಿಯಾದಾಗ ನಾವು ನಡುಗುತ್ತೇವೆ. ಆ ನಡುಕದಿಂದಲೇ ಮೈಯಲ್ಲಿ ಶಾಖ ಹುಟ್ಟುತ್ತದೆ. ಮೊದಲ ವಾರದ ಮರಿಗೆ ನಡುಗುವ ಶಕ್ತಿಯೂ ಇಲ್ಲ. ದೊಡ್ಡ ಬೆಕ್ಕಿನ ಮೈಯ ಉಷ್ಣತೆ ೩೮ ರಿಂದ ೩೯ ಡಿಗ್ರಿ ಸೆಂಟಿಗ್ರೇಡ್ ಇದ್ದರೆ, ಈ ಮರಿಯದು ೩೫ ರಿಂದ ೩೬ರ ಸುಮಾರಿನಲ್ಲಿರುತ್ತದೆ. ಅದಕ್ಕಿಂತ ಕೆಳಗಿಳಿದರೆ ಕರುಳಿನ ಚಲನೆ ಕುಗ್ಗುತ್ತದೆ. ಆಗ ಕುಡಿಸಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ನಿಂತು ಕೆಡುತ್ತದೆ. ಮರಿಯ ಬಾಯೊಳಗೆ ಕಿರುಬೆರಳಿಟ್ಟು ನೋಡಿದಾಗ ತಣ್ಣಗಿದ್ದರೆ, ಅದು ಎಷ್ಟೇ ಅರಚಿದರೂ ಹಾಲು ಕೊಡಕೂಡದು.

ತಣ್ಣಗಾದ ಮರಿಯನ್ನು ನಿಧಾನವಾಗಿ, ಒಂದೆರಡು ಗಂಟೆಯ ಅವಧಿಯಲ್ಲಿ ಬೆಚ್ಚಗೆ ಮಾಡಬೇಕು. ಅಂಗಿಯೊಳಗೆ ಎದೆಗೆ ತಾಗಿಸಿ ಇಟ್ಟುಕೊಳ್ಳುವುದೇ ಅತ್ಯಂತ ಸುಲಭವಾದ ಉಪಾಯ. ಬಿಸಿನೀರಿನಲ್ಲಿ ಮುಳುಗಿಸುವುದು, ಒಲೆಯ ಮಗ್ಗುಲಲ್ಲಿ ಇಡುವುದು ಇವೆಲ್ಲ ಅಪಾಯಕರ. ಆಮೇಲೆ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಮೆತ್ತನೆಯ ಹಳೆಯ ಬಟ್ಟೆ ಹಾಸಿ, ಬಿಸಿನೀರು ತುಂಬಿದ ಸೀಸೆಗೆ ದಪ್ಪ ಬಟ್ಟೆ ಸುತ್ತಿ ಒಂದು ಮೂಲೆಯಲ್ಲಿ ಇಡಬೇಕು. ಪೆಟ್ಟಿಗೆಯ ಅರ್ಧಭಾಗ ಮಾತ್ರ ಬೆಚ್ಚಗಿರಲಿ. ಸೆಕೆಯಾದಾಗ ಮರಿ ತೆವಳಿಕೊಂಡು ಆಚೆಗೆ ಹೋಗಲು ಜಾಗವಿರಬೇಕು. ಮೊದಲ ವಾರ ಮಲಗುವ ಜಾಗದಲ್ಲಿ ೨೯ ರಿಂದ ೩೨ ಡಿಗ್ರಿ ಶಾಖವಿರಬೇಕು. ಅನಂತರ ವಾರವಾರವೂ ಸ್ವಲ್ಪ ಸ್ವಲ್ಪ ತಗ್ಗಿಸಬಹುದು. ಜನವರಿಯ ರಾತ್ರಿಯಲ್ಲಿ ಬೆಂಗಳೂರಿನ ಉಷ್ಣತೆ ೧೫–೧೬ ಡಿಗ್ರಿಗೆ ಇಳಿಯುತ್ತದೆಂಬುದನ್ನು ನೆನೆದರೆ, ಬರಿಯ ಗಾರೆಯ ನೆಲದ ಮೇಲೆ ಮಲಗಿದ ಮರಿಯ ಪಾಡು ಅರ್ಥವಾಗುತ್ತದೆ.

ಇನ್ನು ಹಾಲಿನ ವಿಷಯ. ಬೆಕ್ಕೆಂದರೆ ಹಾಲು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಗಾದೆಯಲ್ಲಿದೆ. ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡು ಹಾಲನ್ನು ಕಂಡರೆ ಓಡುತ್ತಿದ್ದ ಬೆಕ್ಕು ತೆನಾಲಿ ರಾಮಕೃಷ್ಣನ ಕಥೆಯಲ್ಲಿದೆ. ಆದರೆ ಹಸುವಿನ ಹಾಲು ಕರುವಿಗಾಗಿ ಇರುವುದು. ಅದರ ೧೦೦ ಗ್ರಾಮಿನಲ್ಲಿ ಸಸಾರಜನಕ ಸುಮಾರು ೩.೩ ಗ್ರಾಂ ಮಾತ್ರ. ಬೆಕ್ಕಿನ ಹಾಲಿನಲ್ಲಿ ಅದರ ಎರಡು ಪಟ್ಟಿಗೂ ಮಿಕ್ಕಿ ಇರುತ್ತದೆ. ಈ ಕೊರತೆಯನ್ನು ತುಂಬಲೆಂದು ಹೆಚ್ಚು ಕುಡಿಸಿದರೆ ಅದರ ಸಕ್ಕರೆಯಾದ ಲಾಕ್ಟೋಸು ಅರಗದೆ ಭೇದಿಯಾಗುತ್ತದೆ. ೧೦೦ ಗ್ರಾಂ ತೂಕದ ಜೀವಕ್ಕೆ ಒಂದು ದಿನದ ಭೇದಿ ಎಂದರೆ ಮೈಯ ನೀರೆಲ್ಲ ಹೋದಂತೆಯೇ. ಮತ್ತೊಂದು ಮಾತು: ಟಾರೀನ್ ಎಂಬ ವಸ್ತುವನ್ನು ಬೆಕ್ಕು ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಕೆಡುವುದೆಂದು ೧೯೭೫ರಲ್ಲಿಯೂ, ಹೃದಯ ಕೆಡುವುದೆಂದು ೧೯೮೭ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು. ಹಸುವಿನ ಹಾಲಿನಲ್ಲಿ ಅದು ಅತ್ಯಲ್ಪ.

ಆದುದರಿಂದ ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿಯನ್ನು ತರಬೇಕು. ಪಶುವೈದ್ಯರಲ್ಲಿಯೂ, ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಗಳಲ್ಲಿಯೂ ಇದು ದೊರೆಯುತ್ತದೆ. ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿಯೇ, ಕುದಿಸಿ ಆರಿಸಿದ ನೀರಿನಲ್ಲಿ ಕಲಸಬೇಕು. ಪುಡಿ ಕೈಗೆ ಬರುವವರೆಗೆ ಏನು ಕೊಡಬೇಕೆಂಬುದನ್ನು ಪಶುವೈದ್ಯರನ್ನೇ ಕೇಳುವುದು ಲೇಸು. ಹಾಲು ಮೈಶಾಖದಷ್ಟು ಬೆಚ್ಚಗಿರಲಿ. ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡರೆ ಗೊತ್ತಾಗುತ್ತದೆ. ೧೦೦ ಗ್ರಾಂ ತೂಕದ ಮರಿಗೆ ಒಂದು ಸಲಕ್ಕೆ ೩ ರಿಂದ ೪ ಮಿಲಿಲೀಟರ್ ಸಾಕು. ಅದರ ಹೊಟ್ಟೆ ಹಿಡಿಸುವುದೇ ಅಷ್ಟು. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ಎರಡನೆಯ ವಾರ ಮೂರು ನಾಲ್ಕು ಗಂಟೆಗೊಮ್ಮೆ, ಮೂರನೆಯ ವಾರ ನಾಲ್ಕರಿಂದ ಆರು ಗಂಟೆಗೊಮ್ಮೆ ಕೊಡಬೇಕು. ರಾತ್ರಿಯೆಂದು ಬಿಡುವಂತಿಲ್ಲ.

ಕುಡಿಸುವ ಭಂಗಿ ಬಹು ಮುಖ್ಯ. ತಾಯಿಯ ಬಳಿ ಮರಿ ಹೊಟ್ಟೆಯ ಮೇಲೆ ಮಲಗಿಯೇ ಹಾಲು ಕುಡಿಯುತ್ತದೆ. ನಾವೂ ಅದನ್ನು ಹೊಟ್ಟೆ ಕೆಳಗಾಗಿ ಹಿಡಿದು, ತಲೆಯನ್ನು ತುಸುವೇ ಎತ್ತಿ, ಸೂಜಿಯಿಲ್ಲದ ಸಿರಿಂಜಿನಿಂದಲೋ ಮರಿಗಳಿಗೆಂದೇ ಇರುವ ಚಿಕ್ಕ ಸೀಸೆಯಿಂದಲೋ ತೊಟ್ಟುತೊಟ್ಟಾಗಿ ಕೊಡಬೇಕು. ಮಗುವಿನಂತೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಬರುತ್ತದೆ. ಮೂಗಿನಲ್ಲಿ ಹಾಲು ಕಾಣಿಸಿಕೊಂಡರೆ ಒಡನೆ ನಿಲ್ಲಿಸಿ, ಪಶುವೈದ್ಯರಿಗೆ ತಿಳಿಸಬೇಕು.

ಮೂರನೆಯ ಕೆಲಸ ಅನೇಕರಿಗೆ ತಿಳಿದೇ ಇಲ್ಲ. ಮೊದಲ ಮೂರು ವಾರ ಮರಿ ತಾನಾಗಿ ಮಲಮೂತ್ರ ಮಾಡಲಾರದು. ತಾಯಿ ನೆಕ್ಕಿದಾಗ ಮಾತ್ರ ಆ ಕ್ರಿಯೆ ನಡೆಯುತ್ತದೆ. ಆದಕಾರಣ ಪ್ರತಿಸಲ ಹಾಲು ಕೊಟ್ಟ ಮೇಲೆ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಭಾಗವನ್ನು ಮೆಲ್ಲಗೆ ಒರೆಸಬೇಕು. ಇದನ್ನು ಮರೆತರೆ, ಎಷ್ಟು ಶ್ರದ್ಧೆಯಿಂದ ಹಾಲೂಡಿದರೂ ಹೊಟ್ಟೆ ಬಿಗಿದು ಮರಿ ಸಾಯಬಹುದು.

ನಾಲ್ಕನೆಯದು ರೋಗರಕ್ಷಣೆ. ಬೆಕ್ಕಿನ ಮರಿಗೆ ರೋಗನಿರೋಧಕ ಶಕ್ತಿಯ ಬಹುಪಾಲು ತಾಯಿಯ ಗಿಣ್ಣುಹಾಲಿನಿಂದ ಬರುತ್ತದೆ, ಅದೂ ಹುಟ್ಟಿದ ಮೊದಲ ದಿನದೊಳಗೆ. ಆ ಬಳಿಕ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಅಷ್ಟರೊಳಗೇ ತಾಯಿಯನ್ನು ಕಳೆದುಕೊಂಡ ಮರಿಗೆ ಈ ಕವಚವಿಲ್ಲ. ಕೈ ತೊಳೆದು ಮುಟ್ಟುವುದು, ಸಿರಿಂಜು ಸೀಸೆಗಳನ್ನು ಪ್ರತಿಸಲವೂ ಬಿಸಿನೀರಿನಲ್ಲಿ ಶುದ್ಧಿಮಾಡುವುದು, ಮನೆಯ ಬೇರೆ ಬೆಕ್ಕುಗಳಿಂದ ದೂರವಿಡುವುದು, ಇವೇ ಅದರ ಕವಚ. ನಮ್ಮ ಕ್ಷೇಮವನ್ನೂ ಮರೆಯಬಾರದು. ಬೀದಿಯ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ೧೫ ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ರೇಬೀಸು ಬೆಕ್ಕಿನಿಂದಲೂ ಬರುತ್ತದೆ.

ಈ ನಾಲ್ಕೂ ಸರಿಯಾಗಿ ನಡೆಯುತ್ತಿವೆಯೇ ಎಂದು ತಿಳಿಯಲು ತಕ್ಕಡಿಯೇ ಸಾಕ್ಷಿ. ದಿನವೂ ಒಂದೇ ಹೊತ್ತಿಗೆ ಮರಿಯನ್ನು ತೂಗಿ ಪುಸ್ತಕದಲ್ಲಿ ಬರೆದಿಡಬೇಕು. ದಿನಕ್ಕೆ ೧೦ ರಿಂದ ೧೫ ಗ್ರಾಂ ಏರುತ್ತಿದ್ದರೆ ಚಿಂತೆಯಿಲ್ಲ; ಎರಡು ವಾರದ ವೇಳೆಗೆ ಹುಟ್ಟಿದಾಗಿನ ತೂಕದ ಎರಡರಷ್ಟಾಗುತ್ತದೆ. ತೂಕ ಏರದೆ ನಿಂತರೆ ಎಚ್ಚರಿಕೆ; ಇಳಿದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಕಣ್ಣಿಗೆ ಕಾಣುವ ಲಕ್ಷಣಗಳಿಗಿಂತ ಮುಂಚೆಯೇ ತೂಕ ಸುಳಿವು ಕೊಡುತ್ತದೆ.

ಒಂದರಿಂದ ಎರಡು ವಾರದೊಳಗೆ ಕಣ್ಣು ಬಿಡುತ್ತದೆ; ಮೂರನೆಯ ವಾರ ಮುಂದಿನ ಹಲ್ಲುಗಳು ಮೂಡಿ, ಮರಿ ತಡವರಿಸುತ್ತ ನಡೆಯತೊಡಗುತ್ತದೆ. ನಾಲ್ಕನೆಯ ವಾರದಿಂದ ಮೆತ್ತನೆಯ ಆಹಾರವನ್ನು ಅಭ್ಯಾಸ ಮಾಡಿಸಬಹುದು. ಎರಡರಿಂದ ಏಳನೆಯ ವಾರದವರೆಗಿನ ಕಾಲದಲ್ಲಿ ಮನುಷ್ಯರ ಕೈಯಲ್ಲಿ ಬೆಳೆದ ಮರಿ ಮುಂದೆಯೂ ಮನುಷ್ಯರಿಗೆ ಹೊಂದಿಕೊಳ್ಳುತ್ತದೆ. ಒಡಹುಟ್ಟಿದ ಮರಿಗಳಿದ್ದರೆ ಜೊತೆಯಲ್ಲಿಯೇ ಬೆಳೆಸಬೇಕು. ಕಚ್ಚುವುದಕ್ಕೆ ಒಂದು ಮಿತಿಯುಂಟೆಂಬುದನ್ನು ಅವು ಕಲಿಯುವುದು ಪರಸ್ಪರರಿಂದಲೇ. ಜಂತುಹುಳುವಿನ ಔಷಧಿಯನ್ನು ವೈದ್ಯರು ಹೇಳಿದ ದಿನ ಕೊಡಿಸಿ, ಎಂಟನೆಯ ವಾರದ ಸುಮಾರಿಗೆ ಚುಚ್ಚುಮದ್ದು ಆರಂಭಿಸಬೇಕು.

ಇಷ್ಟೆಲ್ಲ ಮಾಡಿದರೂ ಕೆಲವು ಮರಿಗಳು ಉಳಿಯುವುದಿಲ್ಲ; ತಾಯಿಯ ಮಡಿಲಲ್ಲಿಯೇ ಎಲ್ಲವೂ ಉಳಿಯುವುದಿಲ್ಲವೆಂದ ಮೇಲೆ ನಮ್ಮ ಕೈಯಲ್ಲಿ ಉಳಿದಾವೆಂಬ ಭರವಸೆಯನ್ನು ಯಾರೂ ಕೊಡಲಾರರು. ಆದರೆ ಅಜ್ಞಾನದಿಂದ ಸಾಯುವ ಮರಿಗಳನ್ನಾದರೂ ಉಳಿಸಬಹುದು. ರಾತ್ರಿ ಎರಡು ಮೂರು ಗಂಟೆಗೊಮ್ಮೆ ಏಳುವುದು ಒಬ್ಬರಿಂದ ಹಲವು ದಿನ ಸಾಗುವ ಕೆಲಸವಲ್ಲ. ವಿದ್ಯಾರ್ಥಿನಿಲಯದಲ್ಲಿ ಸಿಕ್ಕಿದ ಮರಿಯಾದರೆ ನಾಲ್ಕು ಜನ ಗೆಳೆಯರು ಸರದಿ ಹಾಕಿಕೊಂಡು, ಕುಡಿಸಿದ ಹೊತ್ತನ್ನೂ ತೂಕವನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟರೆ ಯಾರಿಗೂ ಪರೀಕ್ಷೆಯ ಓದು ಕೆಡುವುದಿಲ್ಲ. ಅಷ್ಟು ಜನ ಒದಗದಿದ್ದರೆ, ಮರಿಯನ್ನು ಬೆಚ್ಚಗೆ ಸುತ್ತಿ ಹತ್ತಿರದ ಪಶುವೈದ್ಯರಲ್ಲಿಗೋ ಬಲ್ಲವರ ಮನೆಗೋ ಅಂದೇ ತಲಪಿಸುವುದೂ ಉಪಕಾರವೇ. ಬಟ್ಟಲಿನಲ್ಲಿ ಹಾಲಿಟ್ಟು ಹೊರಟುಹೋಗುವುದು ಮಾತ್ರ ಬೇಡ.