ಲೋಡು ಕಡಿಮೆಯಾದಾಗ ಮಾಲೀಕರನ್ನು ಬದಲಿಸಬಹುದೇ?

ಸಂಘದ ಸಭೆಗೆ ಒಂದು ಪಾಠ



ನಮ್ಮ ಸಂಘಗಳಲ್ಲಿ ಲಾರಿ ಡ್ರೈವರ್‌ಗಳ ಮನೆಯವರು ಅನೇಕರಿದ್ದಾರೆ. ಕೆಲವರ ಗಂಡ, ಕೆಲವರ ಮಗ, ಇನ್ನು ಕೆಲವರ ತಮ್ಮ ಸ್ಟೀರಿಂಗ್ ಹಿಡಿದು ದುಡಿಯುತ್ತಾರೆ. ವ್ಯಾಪಾರ ಬಿದ್ದುಹೋದಾಗ ಈ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಈ ಮಾಲೀಕ್ರ ಹತ್ರ ಇನ್ನು ಆಗೋದಿಲ್ಲ, ಬೇರೆ ಕಡೆ ಹೋಗ್ತೀನಿ." ಅದರ ಹಿಂದೆಯೇ ಸಂಘಕ್ಕೆ ಸಾಲದ ಅರ್ಜಿ ಬರುತ್ತದೆ. ಹಳೆ ಮಾಲೀಕರ ಅಡ್ವಾನ್ಸ್ ತೀರಿಸಬೇಕಲ್ಲ!

ಸಾಲಕ್ಕೆ ಸಹಿ ಹಾಕುವವರು ನೀವು. ಮನೆ ಖರ್ಚು ತೂಗಿಸುವವರೂ ನೀವೇ. ಆದ್ದರಿಂದ ಈ ತೀರ್ಮಾನದಲ್ಲಿ ನಿಮ್ಮ ಮಾತು ಇರಲೇಬೇಕು. ಸಿಟ್ಟಿನಲ್ಲಿ ಅಲ್ಲ, ಲೆಕ್ಕ ಹಾಕಿ ತೀರ್ಮಾನಿಸುವುದು ಹೇಗೆ ಎಂಬುದೇ ಈ ಪಾಠ.

೧. ಮೊದಲು ಕಾರಣ ತಿಳಿಯೋಣ

ದುಡಿಮೆ ಕಡಿಮೆಯಾದದ್ದು ಮಾಲೀಕರ ತಪ್ಪಿನಿಂದಲೋ ಅಥವಾ ಎಲ್ಲ ಕಡೆಯೂ ಲೋಡು ಇಲ್ಲದ್ದರಿಂದಲೋ? ಇವೆರಡೂ ಬೇರೆ ಬೇರೆ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ಬಳ್ಳಾರಿ, ಹೊಸಪೇಟೆ, ಸಂಡೂರು ಕಡೆಯಿಂದ ಕಬ್ಬಿಣದ ಅದಿರು ಹೊತ್ತ ಲಾರಿಗಳು ಅಂಕೋಲಾ ರಸ್ತೆಯಲ್ಲಿ ಹಗಲು-ರಾತ್ರಿ ಬಂದರುಗಳತ್ತ ಓಡುತ್ತಿದ್ದ ಕಾಲವಿತ್ತು. 2008ರ ಕೊನೆಯಲ್ಲಿ ಪ್ರಪಂಚದಲ್ಲೆಲ್ಲ ಆರ್ಥಿಕ ಹಿಂಜರಿತ ಬಂದು ಅದಿರಿನ ಬೆಲೆ ಕುಸಿಯಿತು. ಆಮೇಲೆ ಸುಧಾರಿಸಿತು. ಆದರೆ 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಲ್ಲಿಸಿತು. ಅಕ್ರಮ ಗಣಿಗಾರಿಕೆಯ ಕಾರಣದಿಂದ 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿಗೂ ಅದೇ ಆದೇಶ ಬಂತು. ಅದಿರನ್ನೇ ನಂಬಿದ್ದ ಲಾರಿಗಳು ಸಾಲುಸಾಲಾಗಿ ನಿಂತವು. ಆಗ ಒಬ್ಬ ಅದಿರು ಮಾಲೀಕನನ್ನು ಬಿಟ್ಟು ಇನ್ನೊಬ್ಬ ಅದಿರು ಮಾಲೀಕನ ಹತ್ತಿರ ಹೋದವರಿಗೆ ಏನು ಸಿಕ್ಕೀತು? ಲಾರಿಯ ಬಣ್ಣ ಬೇರೆ, ಪಾಡು ಒಂದೇ.

ಇದರಿಂದ ಎರಡು ಮಾತು ಕಲಿಯಬಹುದು. ಒಂದು, ಎಲ್ಲರಿಗೂ ಲೋಡು ಇಲ್ಲದಾಗ ಮಾಲೀಕರನ್ನು ಬದಲಿಸಿದರೆ ಸಾಲದು, ಸರಕು ಬದಲಾಗಬೇಕು. ಅದಿರು, ಸಿಮೆಂಟು, ಕಬ್ಬಿಣ, ಹೊಸ ಕಾರುಗಳ ಸಾಗಣೆಗೆ ಮಂದಗತಿಯ ಪೆಟ್ಟು ಬೇಗ ಬೀಳುತ್ತದೆ. ಅಕ್ಕಿ-ಬೇಳೆ, ಹಾಲು, ತರಕಾರಿ, ಗ್ಯಾಸ್ ಸಿಲಿಂಡರ್ ಜನರಿಗೆ ದಿನಾ ಬೇಕು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗಲೂ ಅಗತ್ಯ ವಸ್ತುಗಳ ಸಾಗಣೆಗೆ ಅನುಮತಿ ಇತ್ತು. ಎರಡು, ಹೊಸ ಜಾಗದಲ್ಲಿ ನಿಮ್ಮವರು ಕಡೆಗೆ ಬಂದವರು. ಲೋಡು ಕಡಿಮೆಯಾದರೆ ಮೊದಲು ಕೂರಿಸುವುದು ಕಡೆಗೆ ಬಂದವರನ್ನೇ.

೨. ಟ್ರಿಪ್ಪಿನ ಲೆಕ್ಕ

ಹೊಸ ಮಾಲೀಕರು ಹೇಳುವ ರೇಟು ಕೇಳಿ ಮನಸ್ಸು ಕರಗುತ್ತದೆ. ದೂರದ ಬೆಟ್ಟ ನುಣ್ಣಗೆ. ಕಾಗದ ತೆಗೆದುಕೊಂಡು ಲೆಕ್ಕ ಹಾಕೋಣ. ಕೆಳಗಿನ ಅಂಕಿಗಳು ಕಲಿಯಲಿಕ್ಕಾಗಿ ಮಾತ್ರ. ನಿಮ್ಮ ಮನೆಯ ಅಂಕಿಗಳನ್ನು ನೀವೇ ಹಾಕಿಕೊಳ್ಳಿ.

ಹಳೆ ಮಾಲೀಕರು: ತಿಂಗಳಿಗೆ ಸಂಬಳ 12,000 ರೂಪಾಯಿ. ಲಾರಿ ಓಡಿದ ದಿನಕ್ಕೆ ಬಾಟಾ 400. ಮೊದಲು ತಿಂಗಳಿಗೆ 24 ದಿನ ಓಡುತ್ತಿತ್ತು, ಈಗ 14 ದಿನ. ಹಾಗಾದರೆ ಈಗಿನ ಬಾಟಾ 5,600, ಒಟ್ಟು 17,600. ದಾರಿಯಲ್ಲಿ ಊಟ-ಚಹಾಕ್ಕೆ ದಿನಕ್ಕೆ 200ರಂತೆ 2,800 ಹೋಯಿತು. ಮನೆಗೆ ಬರುವುದು 14,800.

ಹೊಸ ಮಾಲೀಕರು: ಸಂಬಳ ಇಲ್ಲ. ಒಂದು ಟ್ರಿಪ್ಪಿಗೆ 3,000. "ತಿಂಗಳಿಗೆ 9 ಟ್ರಿಪ್ ಆರಾಮಾಗಿ ಆಗ್ತದೆ" ಎನ್ನುತ್ತಾರೆ. ಒಂದು ಟ್ರಿಪ್ಪಿಗೆ 3 ದಿನ. ಊಟದ ಖರ್ಚು 600 ಕಳೆದರೆ ಟ್ರಿಪ್ಪಿಗೆ ಉಳಿಯುವುದು 2,400. 9 ಟ್ರಿಪ್ ಆದರೆ 21,600 ಮನೆಗೆ ಬರುತ್ತದೆ. ಕೇಳಲಿಕ್ಕೆ ಬಹಳ ಚೆನ್ನಾಗಿದೆ.

ಆದರೆ 5 ಟ್ರಿಪ್ ಮಾತ್ರ ಆದರೆ? 12,000. ವಾಪಸ್ ಲೋಡಿಗಾಗಿ ಬೇರೆ ಊರಿನಲ್ಲಿ 6 ದಿನ ಕಾದರೆ ಊಟಕ್ಕೆ ಇನ್ನೂ 1,200 ಖರ್ಚು. ಮನೆಗೆ ಬರುವುದು 10,800. ಅಂದರೆ ಹಳೆಯದಕ್ಕಿಂತ 4,000 ಕಡಿಮೆ.

ಈಗ ಗಮನಿಸಿ. 6 ಟ್ರಿಪ್ ಆದರೆ 14,400, ಹಳೆಯದಕ್ಕಿಂತ ಸ್ವಲ್ಪ ಕಡಿಮೆಯೇ. 7 ಆದರೆ 16,800, ಆಗ ಮಾತ್ರ ಲಾಭ. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಟ್ರಿಪ್ಪಿಗೆ ಎಷ್ಟು ಕೊಡ್ತೀರಿ?" ಎಂದಲ್ಲ, "ಕಳೆದ ಮೂರು ತಿಂಗಳು ನಿಮ್ಮ ಲಾರಿಗಳು ಎಷ್ಟು ಟ್ರಿಪ್ ಓಡಿವೆ?" ಎಂಬುದು. ಸಂಬಳ ಇದ್ದಲ್ಲಿ ಮಂದಗತಿಯ ನಷ್ಟದಲ್ಲಿ ಮಾಲೀಕರಿಗೂ ಪಾಲಿದೆ. ಬರೀ ಟ್ರಿಪ್ ಲೆಕ್ಕದಲ್ಲಿ ನಷ್ಟವೆಲ್ಲ ಡ್ರೈವರ್ ತಲೆ ಮೇಲೆ.

೩. ಅಡ್ವಾನ್ಸಿಗೆ ಸಂಘದ ಸಾಲ ತೆಗೆಯಬಹುದೇ?

ಹಳೆ ಮಾಲೀಕರಿಗೆ 30,000 ಅಡ್ವಾನ್ಸ್ ಬಾಕಿ ಇದೆ ಎಂದುಕೊಳ್ಳೋಣ. ಅವರು ಬಡ್ಡಿ ಇಲ್ಲದೆ ತಿಂಗಳಿಗೆ 1,500 ಮುರಿದುಕೊಳ್ಳುತ್ತಾರೆ. ಹಾಗಾದರೆ ಈಗ ಮನೆಗೆ ಬರುವುದು 13,300. ಸಾಲ ತೀರಲಿಕ್ಕೆ 20 ತಿಂಗಳು.

ಸಂಘದಿಂದ 30,000 ತೆಗೆದು ಅದನ್ನು ತೀರಿಸಿದರೆ? ಬಡ್ಡಿ ತಿಂಗಳಿಗೆ ನೂರಕ್ಕೆ 2 ರೂಪಾಯಿ, 10 ಕಂತು ಎಂದು ಇಟ್ಟುಕೊಳ್ಳಿ. ಮೊದಲ ತಿಂಗಳ ಕಂತು ಅಸಲು 3,000, ಬಡ್ಡಿ 600, ಒಟ್ಟು 3,600. ಹೊಸ ಕಡೆ 7 ಟ್ರಿಪ್ ಆಗಿ 16,800 ಬಂದರೂ ಕಂತು ಕಟ್ಟಿ ಉಳಿಯುವುದು 13,200. ಹಳೆಯ ಕಡೆಗಿಂತ 100 ರೂಪಾಯಿ ಕಡಿಮೆ! 10 ತಿಂಗಳಲ್ಲಿ ಬಡ್ಡಿಯೇ 3,300 ಆಗುತ್ತದೆ. 5 ಟ್ರಿಪ್ಪಿನ ತಿಂಗಳು ಬಂದರೆ ಕಂತು ಕಟ್ಟಿ ಕೈಯಲ್ಲಿ ಉಳಿಯುವುದು 7,200. ಆಗ ರೇಷನ್ನು, ಮಕ್ಕಳ ಫೀಸು, ಅತ್ತೆಯ ಔಷಧಿ ಯಾವುದರಿಂದ?

ಸಾಲ ತೆಗೆಯಲೇಬಾರದು ಎಂದಲ್ಲ. ಹೊಸ ಕಡೆ ತಿಂಗಳಿಗೆ 8 ಟ್ರಿಪ್ ನಿಜವಾಗಿ ಆಗುತ್ತಿದ್ದರೆ ಕಂತು ಕಟ್ಟಿಯೂ 15,600 ಉಳಿಯುತ್ತದೆ, 10 ತಿಂಗಳಲ್ಲಿ ಋಣವೂ ತೀರುತ್ತದೆ. ಅರ್ಜಿ ಬಂದಾಗ ಸಂಘದವರು ಈ ಲೆಕ್ಕವನ್ನು ಆ ಸಹೋದರಿಯ ಜೊತೆ ಕೂತು ಹಾಕಬೇಕು. ಅದು ಅನುಮಾನ ಪಟ್ಟಂತೆ ಅಲ್ಲ, ಕೈ ಹಿಡಿದಂತೆ.

೪. ಬಿಡಲೇಬೇಕಾದ ಸಂದರ್ಭಗಳು

ಕೆಲವು ಕಡೆ ಲೆಕ್ಕಕ್ಕಿಂತ ಜೀವ ದೊಡ್ಡದು. ಕೆಳಗಿನವುಗಳಲ್ಲಿ ಯಾವುದಾದರೂ ಇದ್ದರೆ ಬೇರೆ ಕೆಲಸ ಹುಡುಕಲು ತಡ ಮಾಡಬೇಡಿ:

• ಲಾರಿಗೆ ಇನ್ಶೂರೆನ್ಸ್ ಅಥವಾ ಎಫ್.ಸಿ. ಇಲ್ಲ. ಕೈಯಲ್ಲಿ ಹಣವಿಲ್ಲದ ಮಾಲೀಕರು ಮುಂದೂಡುವುದು ಇದನ್ನೇ. ಲಾರಿ ನಂಬರ್ ಹಾಕಿ ಎಂ-ಪರಿವಾಹನ್ ಆಪ್‌ನಲ್ಲಿ ನೋಡಬಹುದು. ಓದುವ ಮಕ್ಕಳಿಂದ ನೋಡಿಸಿ.
• ಟೈರು ಸವೆದಿದೆ, ಬ್ರೇಕು ಸರಿಯಿಲ್ಲ ಎಂದರೂ "ಈ ಟ್ರಿಪ್ ಮುಗಿಸಿ ಬಾ" ಎನ್ನುತ್ತಾರೆ.
• ನಿದ್ದೆ ಇಲ್ಲದೆ ಹಗಲು-ರಾತ್ರಿ ಓಡಿಸಬೇಕು.
• ಓವರ್‌ಲೋಡ್ ಹಾಕಿಸಿ ದಂಡವನ್ನು ಡ್ರೈವರ್ ಸಂಬಳದಲ್ಲಿ ಮುರಿಯುತ್ತಾರೆ. 2019ರ ತಿದ್ದುಪಡಿಯ ನಂತರ ಕಾನೂನಿನಲ್ಲಿ ಓವರ್‌ಲೋಡ್ ದಂಡ 20,000, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000.
• ಎರಡು-ಮೂರು ತಿಂಗಳ ಸಂಬಳ ಬಾಕಿ, ಫೈನಾನ್ಸ್‌ನವರು ಲಾರಿ ಹುಡುಕಿಕೊಂಡು ಬರುತ್ತಿದ್ದಾರೆ.
• ಅಸಲು ಲೈಸೆನ್ಸ್ ಮಾಲೀಕರೇ ಇಟ್ಟುಕೊಂಡಿದ್ದಾರೆ.

ಕಡೆಯದರ ಬಗ್ಗೆ ಒಂದು ಮಾತು. ಪಡೆದ ಹಣವನ್ನು ವಾಪಸ್ ಕೊಡುವುದು ನ್ಯಾಯ. ಆದರೆ ಅಡ್ವಾನ್ಸ್ ಇದೆ ಎಂದು ಹೆದರಿಸಿ, ಬೇರೆಲ್ಲೂ ಹೋಗದಂತೆ ಕಟ್ಟಿಹಾಕಿ ದುಡಿಸಿಕೊಳ್ಳುವುದು ಜೀತ. 1976ರ ಕಾಯಿದೆ ಜೀತ ಪದ್ಧತಿಯನ್ನು ನಿಷೇಧಿಸಿದೆ. ತಹಸೀಲ್ದಾರರಿಗೆ ದೂರು ಕೊಡಬಹುದು.

೫. ಬಿಡುವ ಮುಂಚೆ ಮಾಡಬೇಕಾದದ್ದು

ಹೊಸ ಮಾಲೀಕರ ಬಗ್ಗೆ ಅವರನ್ನೇ ಕೇಳಿದರೆ ಸಾಲದು. ಅವರ ಡ್ರೈವರ್‌ಗಳನ್ನು ಲಾರಿ ಸ್ಟ್ಯಾಂಡಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಮಾತಾಡಿಸಬೇಕು. ಸಂಬಳ ಯಾವ ತಾರೀಖಿಗೆ ಬರುತ್ತದೆ? ಕಾಯುವ ದಿನಕ್ಕೆ ಬಾಟಾ ಇದೆಯೇ? ಪಂಕ್ಚರ್, ಡೀಸೆಲ್ ಕೊರತೆ ಯಾರ ಲೆಕ್ಕಕ್ಕೆ? ಯಾವ ಕಂಪನಿಯ ಲೋಡು? ಅವರ ಹೆಂಡತಿಯರನ್ನು ನೀವು ಮಾತಾಡಿಸಿದರೆ ಇನ್ನೂ ಒಳ್ಳೆಯದು. ನಿಜವಾದ ಸಂಬಳ ಮನೆಯಲ್ಲೇ ತಿಳಿಯುತ್ತದೆ.

ಹಳೆ ಮಾಲೀಕರ ಹತ್ತಿರ ಲೆಕ್ಕ ಬರವಣಿಗೆಯಲ್ಲಿ ತೀರಿಸಿಕೊಳ್ಳಿ. ಅಡ್ವಾನ್ಸ್ ಎಷ್ಟು, ಮುರಿದದ್ದೆಷ್ಟು, ಬಾಕಿ ಎಷ್ಟು ಎಂದು ಬರೆಸಿ ಸಹಿ ಹಾಕಿಸಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸ ಬಿಟ್ಟವರಿಗೆ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲೂ ಸಲಹೆ ಕೇಳಬಹುದು.

ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಯಾದರೆ ಪಿ.ಎಫ್. ನಂಬರ್ ಕೇಳಿ ತೆಗೆದುಕೊಳ್ಳಿ. ಆ ಹಣವನ್ನು ತೆಗೆದು ಖರ್ಚು ಮಾಡುವ ಬದಲು ಹೊಸ ಕೆಲಸಕ್ಕೆ ವರ್ಗಾಯಿಸಿ. 10 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಯಲ್ಲಿ ಸತತ 5 ವರ್ಷ ದುಡಿದವರಿಗೆ ಗ್ರಾಚುಯಿಟಿ ಸಿಗುತ್ತದೆ. ನಾಲ್ಕೂವರೆ ವರ್ಷ ಆಗಿದ್ದರೆ, ಜೀವಕ್ಕೆ ಅಪಾಯವಿಲ್ಲದಿದ್ದರೆ, ಆರು ತಿಂಗಳು ಕಾಯುವುದು ಜಾಣತನ.

ಹೊಸ ಕೆಲಸ ಖಚಿತವಾಗುವವರೆಗೆ ಹಳೆಯದನ್ನು ಬಿಡಬೇಡಿ. ಜಗಳ ಮಾಡಿಕೊಂಡು ಹೊರಡುವುದೂ ಬೇಡ. ಲಾರಿ ಲೈನಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಬೇಗ ತಲುಪುತ್ತದೆ. ಒಂದೆರಡು ತಿಂಗಳ ಮನೆ ಖರ್ಚಿನಷ್ಟು ಉಳಿತಾಯ ಕೈಯಲ್ಲಿದ್ದರೆ ನಿಮ್ಮ ಮನೆಯವರು ಯಾರ ಮುಂದೆಯೂ ತಲೆ ತಗ್ಗಿಸದೆ ಕೆಲಸ ಆರಿಸಿಕೊಳ್ಳಬಹುದು. ವಾರ ವಾರ ಸಂಘದಲ್ಲಿ ಕಟ್ಟುವ ಹಣದ ಬೆಲೆ ಇಂಥ ಸಮಯದಲ್ಲೇ ಗೊತ್ತಾಗುವುದು.

ಸಭೆಯಲ್ಲಿ ಚರ್ಚಿಸಿ

1. ನಿಮ್ಮ ಮನೆಯವರು ಕಳೆದ ತಿಂಗಳು ಎಷ್ಟು ದಿನ ಲಾರಿ ಓಡಿಸಿದರು? ದಾರಿ ಖರ್ಚು ಕಳೆದು ಮನೆಗೆ ಎಷ್ಟು ಬಂತು?
2. ಅವರ ಅಡ್ವಾನ್ಸ್ ಬಾಕಿ ಎಷ್ಟು? ಅದಕ್ಕೆ ಬರವಣಿಗೆ ಇದೆಯೇ?
3. ಅವರ ಲೈಸೆನ್ಸ್ ಎಲ್ಲಿದೆ? ಅವಧಿ ಯಾವಾಗ ಮುಗಿಯುತ್ತದೆ?
4. ಮಾಲೀಕರನ್ನು ಬದಲಿಸಲು ಸಾಲ ಕೇಳಿದ ಸದಸ್ಯೆಗೆ ನಮ್ಮ ಸಂಘ ಯಾವ ಪ್ರಶ್ನೆಗಳನ್ನು ಕೇಳಬೇಕು?

ಮುಂದಿನ ಸಭೆಗೆ ಬರುವಾಗ ಮೊದಲ ಮೂರು ಪ್ರಶ್ನೆಗಳ ಉತ್ತರವನ್ನು ಮನೆಯವರ ಜೊತೆ ಕೂತು ಬರೆದುಕೊಂಡು ಬನ್ನಿ. ಓದು-ಬರಹ ಬಾರದವರಿಗೆ ಪಕ್ಕದ ಸದಸ್ಯೆ ಬರೆದುಕೊಡಲಿ.